ಬೋರಲು ಹಾಕದ ಲೋಟ

ಉಗುರಿಗೆ ಏನೋ ತಗುಲಿತು. ದೋಣಿಯ ಬಲಬದಿಯ ತಂತಿಗಳನ್ನು ಬಟ್ಟೆಯಲ್ಲಿ ಒರೆಸುತ್ತಾ ಕೂತಿದ್ದೆ. ಸುಮ್ನೆ, ಮಾಡೋಕೆ ಬೇರೆ ಕೆಲಸವಿಲ್ಲದೆ. ತಂತಿಯ ಕೆಳತುದಿಯ ಸ್ಟೀಲ್ ಕೊಳವೆಯ ಮೇಲೆ ಹೆಬ್ಬೆರಳು ಓಡಿದಾಗ ಉದ್ದಕ್ಕೆ ಒಂದು ಗೆರೆ. ಕೂದಲಿಗಿಂತ ಸಣ್ಣದು. ಒರೆಸಿದೆ, ಹೋಗಲಿಲ್ಲ. ಎಂಜಲು ಹಚ್ಚಿ ಒರೆಸಿದೆ, ಆಗಲೂ ಹೋಗಲಿಲ್ಲ. ಗೀರು ಇರಬೇಕು ಅಂದುಕೊಂಡೆ. ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಅಂದುಕೊಳ್ಳುವುದು ಅದನ್ನೇ, ಅಲ್ವಾ?

ಹಾಯಿದೋಣಿ ಗೊತ್ತಿಲ್ಲದವರಿಗೆ ಎರಡು ಮಾತು. ಹಾಯಿಕಂಬ ತನ್ನಷ್ಟಕ್ಕೆ ತಾನೇ ನಿಂತಿರುವುದಿಲ್ಲ. ಮುಂದೆ ಒಂದು ತಂತಿ, ಅದು ಫೋರ್‌ಸ್ಟೇ. ಹಿಂದೆ ಒಂದು, ಬ್ಯಾಕ್‌ಸ್ಟೇ. ಎಡಕ್ಕೂ ಬಲಕ್ಕೂ ಮೂರು ಮೂರು, ಅವು ಶ್ರೌಡ್‌ಗಳು. ನಮ್ಮ ದೋಣಿಯಲ್ಲಿ ಒಟ್ಟು 8 ತಂತಿ. ಹಾಯಿ ಏರಿಸುವ, ಇಳಿಸುವ ಹಗ್ಗಗಳು ಬೇರೆ. ಈ ತಂತಿಗಳು ಅಲ್ಲಾಡುವುದಿಲ್ಲ, ನಿಂತಲ್ಲೇ ನಿಂತಿರುತ್ತವೆ. ಅದಕ್ಕೇ ಇವುಗಳಿಗೆ ಸ್ಟ್ಯಾಂಡಿಂಗ್ ರಿಗ್ಗಿಂಗ್ ಅಂತ ಹೆಸರು. ಅಲ್ಲಾಡುವ ಹಗ್ಗ ಸವೆದರೆ ಕೈಗೇ ಗೊತ್ತಾಗುತ್ತದೆ. ನಿಂತಿರುವ ತಂತಿಯನ್ನು ಯಾರೂ ಮುಟ್ಟುವುದೇ ಇಲ್ಲ.

8 ತಂತಿ ಅಂದರೆ 16 ತುದಿ. ಪ್ರತಿ ತುದಿಗೂ ಒಂದು ಟರ್ಮಿನಲ್, ಅಂದರೆ ನಾನು ಒರೆಸುತ್ತಿದ್ದಂಥ ಕೊಳವೆ, ಜೊತೆಗೆ ಒಂದು ಪಿನ್. ಕೆಳಗಡೆ ಬಿಗಿ ಮಾಡಲು ಟರ್ನ್‌ಬಕಲ್, ಅದರ ಕೆಳಗೆ ಎರಡು ಕಡೆಗೂ ಬಾಗುವ ಟಾಗಲ್, ಅದರ ಕೆಳಗೆ ದೋಣಿಯ ಮೈಗೆ ಬೋಲ್ಟ್ ಹಾಕಿದ ಲೋಹದ ಪಟ್ಟಿ, ಚೈನ್‌ಪ್ಲೇಟ್. ಇದರಲ್ಲಿ ಯಾವುದು ಕೈಕೊಟ್ಟರೂ ಕಂಬ ಬೀಳಬಹುದು. ಬೆರಳುದ್ದದ ಒಂದು ಸಾಮಾನನ್ನು ನಂಬಿಕೊಂಡು ಹತ್ತು ಮೀಟರ್ ಎತ್ತರದ ಕಂಬ ನಿಂತಿರುತ್ತದೆ.

ಗೆರೆಯ ಸಂಗತಿಯನ್ನು ಗೆಳೆಯನಿಗೆ ಹೇಳಿದೆ. ದೋಣಿ ನಮ್ಮಿಬ್ಬರದೂ. ಅವನು ಬಂದು ನೋಡಿ, "ಫಳಫಳ ಹೊಳೀತಾ ಇದೆ ಕಣೋ, ಏನಾಗಿದೆ ಇದಕ್ಕೆ?" ಅಂದ. ಹೊಳೆಯುತ್ತಿತ್ತು, ಅದು ನಿಜ. ಪಕ್ಕದ ದೋಣಿಯ ಯಜಮಾನರು ಮಾತ್ರ ಬಗ್ಗಿ ನೋಡಲೂ ಇಲ್ಲ. "ಡೈ ಹೊಡೆದು ನೋಡಿ" ಅಂದರು, ಅಷ್ಟೇ.

ಡೈ ಪೆನೆಟ್ರಂಟ್ ಅಂದರೆ ಮೂರು ಡಬ್ಬಿ. ಒಂದು ತೊಳೆಯಲು, ಒಂದು ಕೆಂಪು ಬಣ್ಣ, ಒಂದು ಬಿಳಿ ಪುಡಿಯಂತೆ ಕೂರುವ ಡೆವಲಪರ್. ತೊಳೆದು ಒಣಗಿಸಿ, ಕೆಂಪು ಹೊಡೆದು ಕಾಲು ಗಂಟೆ ಬಿಟ್ಟೆ. ಬಿರುಕಿದ್ದರೆ ಅದರೊಳಕ್ಕೆ ಬಣ್ಣ ತಾನಾಗೇ ಇಳಿಯುತ್ತದೆ. ಆಮೇಲೆ ಮೇಲಿನ ಬಣ್ಣವನ್ನು ಪೂರ್ತಿ ಒರೆಸಬೇಕು, ನೇರ ಸ್ಪ್ರೇ ಹೊಡೆದು ತೊಳೆಯಬಾರದು, ಒಳಗಿನದೂ ಎದ್ದು ಬಂದುಬಿಡುತ್ತದೆ. ಬಿಳಿ ಹೊಡೆದೆ. ಟರ್ಮಿನಲ್ ಗೋಡೆಯ ಹಾಗೆ ಬೆಳ್ಳಗಾಯಿತು. ಏನೂ ಇಲ್ಲ. ಗೆಳೆಯ "ನೋಡು" ಅನ್ನುವಷ್ಟರಲ್ಲಿ ಬಿಳಿಯ ಮೇಲೆ ಒಂದು ಕೆಂಪು ಚುಕ್ಕೆ ಕಂಡಿತು. ಅದರ ಕೆಳಗೆ ಇನ್ನೊಂದು. ಎರಡೂ ಕೂಡಿಕೊಂಡವು. ಒಂದು ನಿಮಿಷದಲ್ಲಿ ಬಾಯಿಯಿಂದ ಕೆಳಕ್ಕೆ ಹೆಬ್ಬೆರಳಿನ ಉಗುರಿನಷ್ಟು ಉದ್ದದ ಕೆಂಪು ಗೆರೆ. ಅದರ ಪಕ್ಕದಲ್ಲಿ, ನನ್ನ ಉಗುರಿಗೂ ಸಿಗದಿದ್ದ ಇನ್ನೊಂದು ಪುಟ್ಟ ಗೆರೆ.

ಇಬ್ಬರೂ ಮಾತಾಡಲಿಲ್ಲ. ಹೋದ ತಿಂಗಳು ಇದೇ ತಂತಿಯ ಮೇಲೆ ಭಾರ ಹಾಕಿ, ದೋಣಿಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು, ನಗುತ್ತಾ ಬಂದಿದ್ದೆವು.

ಉಳಿದ 15 ತುದಿಗೂ ಡೈ ಹೊಡೆಯಲೇಬೇಕಾಯಿತು. ಮೇಲಿನವಕ್ಕೆ ಹಗ್ಗದಲ್ಲಿ ಕುರ್ಚಿ ಕಟ್ಟಿಕೊಂಡು ಕಂಬ ಹತ್ತಿದೆ. ಮೇಲಿನ 8ರಲ್ಲಿ ಒಂದೂ ಬಿರಿದಿರಲಿಲ್ಲ. ಕೆಳಗಿನ 8ರಲ್ಲಿ ಮೂರು ಬಿರಿದಿದ್ದವು. ಮೊದಲು ಇದು ನನಗೆ ಅರ್ಥವಾಗಲಿಲ್ಲ. ತಂತಿಯ ಎಳೆತ ಮೇಲೂ ಅಷ್ಟೇ, ಕೆಳಗೂ ಅಷ್ಟೇ. ಮತ್ತೆ ಕೆಳಗಿನದೇ ಯಾಕೆ?

ಯಜಮಾನರು ತಮ್ಮ ಸ್ಟೀಲ್ ಲೋಟ ತೋರಿಸಿದರು. ಬೋರಲು ಹಾಕಿದರು, ನೆಟ್ಟಗಿಟ್ಟರು. "ಮೇಲಿನ ಟರ್ಮಿನಲ್ ಬೋರಲು ಹಾಕಿದ ಲೋಟ. ಕೆಳಗಿನದು ನೆಟ್ಟಗಿಟ್ಟ ಲೋಟ. ಮಳೆ, ಅಲೆ ಎಲ್ಲಾ ತಂತಿ ಹಿಡ್ಕೊಂಡು ಇಳಿದು ಎಲ್ಲಿಗೆ ಹೋಗುತ್ತೆ?"

ಅಷ್ಟೇ ಸಂಗತಿ. ನಮ್ಮ ಟರ್ಮಿನಲ್ಲುಗಳು ಸ್ವೇಜ್ ಮಾಡಿದವು. ಸ್ವೇಜ್ ಮಾಡುವುದು ಅಂದರೆ ಕೊಳವೆಯೊಳಗೆ ತಂತಿ ತೂರಿಸಿ, ಎರಡು ರೋಲರ್‌ಗಳ ನಡುವೆ ಬಲವಾಗಿ ಒತ್ತಿ ತೆಗೆಯುವುದು. ಸ್ಟೀಲು ಎಳೆಗಳ ಸಂದಿಗೆಲ್ಲ ಹರಿದು ಕಚ್ಚಿಕೊಳ್ಳುತ್ತದೆ. ಆದರೂ ಕೂದಲೆಳೆಯಷ್ಟು ಸಂದಿ ಉಳಿದೇ ಉಳಿಯುತ್ತದೆ. ಅಲ್ಲಿಗೆ ಉಪ್ಪುನೀರು ಇಳಿಯುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಮತ್ತೆ ನೀರು, ಮತ್ತೆ ಉಪ್ಪು. ವರ್ಷಗಟ್ಟಲೆ.

ಆದರೆ ಇದು ಸ್ಟೇನ್‌ಲೆಸ್ ಅಲ್ವಾ ಅಂತ ಕೇಳಬಹುದು. ನಾನೂ ಕೇಳಿದೆ. ಈ ಹೆಸರಿನದೇ ಒಂದು ಕತೆಯಿದೆ. 1913ರಲ್ಲಿ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಈ ಬಗೆಯ ಉಕ್ಕು ಮಾಡಿದಾಗ ಅದನ್ನು 'ರಸ್ಟ್‌ಲೆಸ್' ಅಂದಿದ್ದರು, ತುಕ್ಕಿಲ್ಲದ್ದು ಅಂತ. ಆಮೇಲೆ ಚಾಕು ತಯಾರಿಸುವ ಕಂಪನಿಯ ಮ್ಯಾನೇಜರೊಬ್ಬರು 'ಸ್ಟೇನ್‌ಲೆಸ್' ಅಂದರು, ಕಲೆಯಿಲ್ಲದ್ದು. ಅದೇ ನಿಂತಿತು. ನಿಂತಿದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ತುಕ್ಕು ಹಿಡಿಯುವುದೇ ಇಲ್ಲ ಅಂತ ಈ ಲೋಹ ಯಾವತ್ತೂ ಮಾತು ಕೊಟ್ಟಿಲ್ಲ.

ಇದರಲ್ಲಿ ಕನಿಷ್ಠ 10.5% ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಮೈಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ. ಗೀರಿದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಅದಕ್ಕೆ ಗಾಳಿ ಬೇಕು. ಸಂದಿಯೊಳಗೆ ನಿಂತ ನೀರಿನಲ್ಲಿ ಆಮ್ಲಜನಕ ಬೇಗ ಮುಗಿದುಹೋಗುತ್ತದೆ, ಉಪ್ಪಿನ ಕ್ಲೋರೈಡು ಮಾತ್ರ ಜಾಸ್ತಿಯಾಗುತ್ತಾ ಹೋಗುತ್ತದೆ. ಪೊರೆ ಹರಿಯುತ್ತದೆ, ಮತ್ತೆ ಕೂಡುವುದಿಲ್ಲ. ದೋಣಿಗೆ ಬಳಸುವ 316 ದರ್ಜೆಯಲ್ಲಿ 2ರಿಂದ 3% ಮಾಲಿಬ್ಡಿನಮ್ ಸೇರಿಸಿರುತ್ತಾರೆ, ಉಪ್ಪನ್ನು ತಡೆಯಲಿ ಅಂತ. ತಡೆಯುತ್ತದೆ, ಆದರೆ ಒಂದು ಮಟ್ಟಕ್ಕೆ. ಇದರ ಮೇಲೆ, ಸ್ವೇಜ್ ಮಾಡುವಾಗ ಒತ್ತಿದ ಬಲ ಕೊಳವೆಯ ಗೋಡೆಯಲ್ಲೇ ಉಳಿದಿರುತ್ತದೆ. ಒಳಗಿನಿಂದ ಸದಾ ಬಿಚ್ಚಿಕೊಳ್ಳಲು ನೋಡುತ್ತಿರುತ್ತದೆ. ಕ್ಲೋರೈಡು ಆ ಎಳೆತದ ಜೊತೆ ಸೇರಿದರೆ ಉದ್ದಕ್ಕೆ ಬಿರುಕು. ಹೊರಗೆ ಮಾತ್ರ ಗಾಳಿ ಇದೆ, ಪೊರೆ ಇದೆ, ಹೊಳಪಿದೆ.

ಹಳೇ ಕಾಲದ ಗ್ಯಾಲ್ವನೈಸ್ಡ್ ತಂತಿಯೇ ಈ ವಿಷಯದಲ್ಲಿ ಮೇಲು ಅಂತ ನನಗೆ ಅನ್ನಿಸಿದೆ. ಸತುವು ಮುಗಿದ ಕೂಡಲೇ ಕಂದು ಕಣ್ಣೀರು ಸುರಿಸುತ್ತದೆ. ಡೆಕ್ ಎಲ್ಲಾ ಕಲೆ. ನೋಡಲು ಅಸಹ್ಯ, ಆದರೆ ಸುಳ್ಳು ಹೇಳುವುದಿಲ್ಲ. ಹಾಗಂತ ನಾನು ಅದನ್ನು ಹಾಕಿದೆನಾ? ಇಲ್ಲ. ಡೆಕ್ ತೊಳೆಯುವವನೂ ನಾನೇ.

ಒಂದು ಟರ್ಮಿನಲ್ ಬದಲಿಸಿದರೆ ಸಾಕು ಅಂತ ಶುರುವಾದ ಲೆಕ್ಕ ಈಗ ಮೂರಾಯಿತು. ಸ್ವೇಜ್ ಬಿಚ್ಚಿ ಹಾಕುವ ಸಾಮಾನಲ್ಲ. ಕತ್ತರಿಸಿದರೆ ತಂತಿ ಗಿಡ್ಡವಾಗುತ್ತದೆ. ತಂತಿಗೂ ವಯಸ್ಸಾಗಿದೆ. ಸಮುದ್ರದಲ್ಲಿರುವ ತಂತಿಗೆ 10ರಿಂದ 15 ವರ್ಷ ಅಂತ ಸಾಮಾನ್ಯವಾಗಿ ಎಲ್ಲರೂ ಹೇಳುವ ಮಾತು. ನಮ್ಮದಕ್ಕೆ ಎಷ್ಟು ಅಂತ ಹೇಳುವ ಒಂದು ಚೀಟಿಯೂ ದೋಣಿಯಲ್ಲಿ ಇರಲಿಲ್ಲ. "ಎಲ್ಲಾ ಬದಲಿಸಿಬಿಡಿ" ಅನ್ನುವವರನ್ನು ಕಂಡರೆ ನನಗೆ ಮೊದಲಿಂದಲೂ ಸಿಟ್ಟು. ಬೇರೆಯವರ ಜೇಬಿನಲ್ಲಿ ಧಾರಾಳಿಗಳು. ಆದರೆ ಈ ಸಲ 8 ತಂತಿಯ ಮಟ್ಟಿಗೆ ಅವರ ಮಾತೇ ಸರಿ ಅನ್ನಿಸಿತು. ಟರ್ನ್‌ಬಕಲ್‌ಗಳನ್ನು ಮಾತ್ರ ಬದಲಿಸಲಿಲ್ಲ. ಅವುಗಳ ಮೈ ಕಂಚಿನದು. ಸ್ಟೀಲ್ ಥ್ರೆಡ್ಡು ಸ್ಟೀಲಿನೊಳಗೆ ಒಣಗಿದ್ದಾಗ, ಭಾರದ ಮೇಲೆ ತಿರುಗಿಸಿದರೆ ಒಂದಕ್ಕೊಂದು ಬೆಸೆದುಕೊಂಡು ನಿಂತುಬಿಡುತ್ತದೆ. ಹಿಂದಕ್ಕೂ ಬರಲ್ಲ, ಮುಂದಕ್ಕೂ ಹೋಗಲ್ಲ. ಕಂಚಿನೊಳಗೆ ಆ ಕಾಟ ಇಲ್ಲ. ತೊಳೆದು, ಡೈ ಹೊಡೆದು ನೋಡಿ, ಲ್ಯಾನೊಲಿನ್ ಗ್ರೀಸ್ ಹಚ್ಚಿದೆ. ಬೆರಳಲ್ಲೇ ತಿರುಗುತ್ತಿದ್ದವು.

ಕಂಬ ನಿಂತಂತೆಯೇ ಒಂದೊಂದೇ ತಂತಿ ಬದಲಿಸಬಹುದು. ಬಿಚ್ಚಿದ ತಂತಿಯ ಜಾಗದಲ್ಲಿ ಹಾಯಿ ಏರಿಸುವ ಹಗ್ಗವನ್ನು ಬಿಗಿದು ಕಟ್ಟಿದರೆ ನಡೆಯುತ್ತದೆ. ಬಹಳ ಜನ ಹಾಗೇ ಮಾಡುತ್ತಾರೆ. ನಾವು ಕ್ರೇನ್ ತರಿಸಿ ಇಳಿಸಿದೆವು. ಇಳಿಸಿದ್ದು ಒಳ್ಳೆಯದಾಯಿತು. ಮೇಲಿನ ಒಂದು ಕೀಲಿನಲ್ಲಿ ಕ್ಲೆವಿಸ್ ಪಿನ್ ಇರಬೇಕಾದ ಜಾಗದಲ್ಲಿ, ಹಿಂದೆ ಯಾರೋ ಪುಣ್ಯಾತ್ಮರು ಮಾಮೂಲಿ ಬೋಲ್ಟ್ ತೂರಿಸಿದ್ದರು. ಕಂಬ ಹತ್ತಿ ಕಣ್ಣೆದುರೇ ನೋಡಿದ್ದೆ, ಟೇಪ್ ಸುತ್ತಿದ್ದರಿಂದ ಗೊತ್ತಾಗಿರಲಿಲ್ಲ. ಬೋಲ್ಟಿನ ಥ್ರೆಡ್ಡು ತೂತಿನ ಅಂಚನ್ನು ಗರಗಸದ ಹಾಗೆ ತಿಂದಿತ್ತು. ನುಣುಪಾದ ಪಿನ್ ಭಾರವನ್ನು ಹರಡುತ್ತದೆ. ಥ್ರೆಡ್ಡಿನ ಪ್ರತಿ ಹಳ್ಳವೂ ಬಿರುಕು ಹುಟ್ಟುವ ಜಾಗ. ಆ ಕೀಲನ್ನೂ ಬದಲಿಸಿದೆವು.

ಚೈನ್‌ಪ್ಲೇಟ್‌ಗಳನ್ನು ಮೊದಲೇ ನೋಡಬೇಕಿತ್ತು, ನಾನು ಕೊನೆಗೆ ನೋಡಿದೆ. ಡೆಕ್ಕಿನೊಳಗೆ ಹೂತಿರುವ ಎರಡು ಬೆರಳಗಲದ ಭಾಗ ಕಣ್ಣಿಗೂ ಕಾಣಲ್ಲ, ಗಾಳಿಗೂ ಸಿಗಲ್ಲ. ಎಳೆದು ತೆಗೆದರೆ ಎರಡರಲ್ಲಿ ಆ ಭಾಗದಲ್ಲೇ ಸೂಜಿ ಚುಚ್ಚಿದಂಥ ತೂತುಗಳು. ಹೊಸದು ಮಾಡಿಸಿದೆವು. ಇದರ ಬಗ್ಗೆ ಇನ್ನೇನೂ ಹೇಳಲ್ಲ, ಆ ವಾರ ನೆನಪಿಸಿಕೊಳ್ಳಲು ಇಷ್ಟವಿಲ್ಲ.

ಹೊಸ ತಂತಿಗೆ ಮೇಲಿನ ತುದಿಯನ್ನು ವರ್ಕ್‌ಶಾಪ್‌ನಲ್ಲಿ ಸ್ವೇಜ್ ಮಾಡಿಸಿ, ಕೆಳಗಿನ ತುದಿಗೆ ಮೆಕ್ಯಾನಿಕಲ್ ಟರ್ಮಿನಲ್ ನಾವೇ ಹಾಕುವುದು ಅಂತ ತೀರ್ಮಾನ. ಸ್ಟಾ-ಲಾಕ್, ನಾರ್ಸ್‌ಮನ್ ಅಂತ ಇಂಥವು ಇವೆ. ಎರಡು ಸ್ಪ್ಯಾನರ್ ಇದ್ದರೆ ಡೆಕ್ ಮೇಲೇ ಕೂತು ಹಾಕಬಹುದು, ಬಿಚ್ಚಿ ಒಳಗೇನಾಗಿದೆ ಅಂತ ನೋಡಬಹುದು. ನನಗೆ ಬೇಕಾಗಿದ್ದೂ ಅದೇ, ಬಿಚ್ಚಿ ನೋಡಲು ಬರುವ ಒಂದು ತುದಿ.

ಸಾಮಾನು ತರಿಸುವಾಗ ಒಂದು ಎಡವಟ್ಟು ಆಯಿತು. ತಂತಿ ಸುಮಾರು 6 ಮಿಮೀ ಅಂತ ಗೆಳೆಯ ಟರ್ಮಿನಲ್ ಒಳಗೆ ಬೆಣೆಯಂತೆ ಕೂರುವ 6 ಮಿಮೀ ಕೋನ್‌ಗಳನ್ನು ತರಿಸಿದ. ಹಳೇ ದೋಣಿ, ಎಲ್ಲಾ ಇಂಚಿನ ಲೆಕ್ಕ. ವರ್ನಿಯರ್ ಹಿಡಿದರೆ 6.35, ಅಂದರೆ ಕಾಲು ಇಂಚು. ಆ 0.35ಕ್ಕೆ ಕೋನ್ ಕೂರುವುದಿಲ್ಲ. ಪಿನ್ನಿನದೂ ಅದೇ ಕತೆ. ತೂತು ಅರ್ಧ ಇಂಚು, 12.7 ಮಿಮೀ. ಅಲ್ಲಿಗೆ 12ರ ಪಿನ್ ಹಾಕಿದರೆ ಹೋಗುತ್ತದೆ, ಲೊಡಲೊಡ ಅನ್ನುತ್ತದೆ, ಭಾರವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತದೆ. ಎಲ್ಲಾ ವಾಪಸ್ ಕಳಿಸಿ ಮತ್ತೆ ತರಿಸಿದೆವು.

ಹಳೇ ತಂತಿಯನ್ನು ನೆಲದ ಮೇಲೆ ಎಳೆದು ಕಟ್ಟಿ, ಪಿನ್ನಿನಿಂದ ಪಿನ್ನಿಗೆ ಅಳೆದೆ. ಟರ್ನ್‌ಬಕಲ್ ಎಷ್ಟು ತೆರೆದಿತ್ತು ಅಂತ ಬಿಚ್ಚುವ ಮೊದಲೇ ಟೇಪ್ ಅಂಟಿಸಿ ಗುರುತು ಮಾಡಿದ್ದೆ. ಹೊಸ ತಂತಿ ಮೊದಮೊದಲು ಸ್ವಲ್ಪ ಹಿಗ್ಗುತ್ತದೆ. ಅದನ್ನು ಎಳೆದುಕೊಳ್ಳಲು ಟರ್ನ್‌ಬಕಲ್‌ನಲ್ಲಿ ಜಾಗ ಉಳಿದಿರಬೇಕು. ಮೂರು ಸಲ ಅಳೆದೆ. ಕತ್ತರಿಸುವ ಜಾಗಕ್ಕೆ ಟೇಪ್ ಬಿಗಿದು ಸುತ್ತಿ ಹ್ಯಾಕ್ಸಾ ಹಿಡಿದೆ. ಕೈ ನಡುಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

1×19 ತಂತಿ ಅಂದರೆ ನಡುವೆ ಒಂದು ಎಳೆ, ಅದರ ಸುತ್ತ 6, ಅದರ ಸುತ್ತ 12. ಮೊದಲು ಹೊರಕವಚವನ್ನು ತಂತಿಗೆ ತೂರಿಸಬೇಕು. ಇದನ್ನು ಮರೆತು ಮುಂದೆ ಹೋಗದವರು ಕಡಿಮೆ. ಆಮೇಲೆ ಹೊರಗಿನ 12 ಎಳೆಗಳನ್ನು ಹೊಸೆತದ ಎದುರು ದಿಕ್ಕಿಗೆ ತಿರುಗಿಸಿ ಬಿಡಿಸಬೇಕು. ಹೂವಿನ ಹಾಗೆ ಅರಳುತ್ತವೆ, ಆದರೆ ಮುಟ್ಟಿದರೆ ಮುಳ್ಳು. ಒಳಗಿನ 7 ಎಳೆಯ ಮೇಲೆ ಪುಟ್ಟ ಕೋನ್ ಇಳಿಸಬೇಕು. ಕೋನ್ ದಾಟಿ ನಡುವಿನ ಎಳೆಗಳ ತುದಿ ಚೂರೇ ಚೂರು ಹೊರಗೆ ಕಾಣಬೇಕು, ತಯಾರಕರ ಕಾಗದದಲ್ಲಿ ಬರೆದಷ್ಟೇ. ಹೊರಗಿನ ಎಳೆಗಳನ್ನು ಮತ್ತೆ ಅವುಗಳ ಜಾಗದಲ್ಲಿ ಕೂರಿಸಿ, ಕವಚ ಎಳೆದು ಮೇಲೆ ತಂದು, ಇನ್ನೊಂದು ಅರ್ಧವನ್ನು ತಿರುಗಿಸಿ ಬಿಗಿಯಬೇಕು. ಬಿಗಿದಂತೆ 12 ಎಳೆಗಳ ತುದಿ ಕೋನ್ ಮೇಲೆ ಒಳಕ್ಕೆ ಮಡಚಿಕೊಳ್ಳುತ್ತದೆ. ತಂತಿ ಎಳೆದಷ್ಟೂ ಬೆಣೆ ಬಿಗಿಯಾಗುತ್ತದೆ. ಎಷ್ಟು ಸರಳವಾದ ಉಪಾಯ! ಮರಕ್ಕೆ ಬೆಣೆ ಹೊಡೆದು ಗೊತ್ತಿದ್ದವರಿಗೆ ವಿವರಿಸುವುದೇ ಬೇಡ.

ಮೊದಲನೆಯದನ್ನು ಹಾಕಿ ಬಿಗಿದೆ. ಸರಾಗವಾಗಿ ಬಿಗಿಯಾಯಿತು. ಕಾಗದದಲ್ಲಿ 'ಬಿಚ್ಚಿ ನೋಡಿ' ಅಂತಿತ್ತು. ಇಷ್ಟು ಚೆನ್ನಾಗಿ ಕೂತಿದೆ, ಯಾಕೆ ಬಿಚ್ಚಲಿ ಅಂತ ಒಂದು ಕ್ಷಣ ಅನ್ನಿಸಿತು. ಬಿಚ್ಚಿದೆ. 11 ಎಳೆಗಳು ಸೇವಂತಿಗೆ ದಳದ ಹಾಗೆ ಒಂದರ ಪಕ್ಕ ಒಂದು ಮಡಚಿ ಕೂತಿದ್ದವು. ಹನ್ನೆರಡನೆಯದು ಇರಲಿಲ್ಲ. ಕೋನ್‌ಗೆ ಉದ್ದಕ್ಕೆ ಒಂದು ಸೀಳು ಇರುತ್ತದೆ, ಹಿಡಿತ ಬಿಗಿಯಾಗಲಿ ಅಂತ. ಅದು ಆ ಸೀಳಿನೊಳಗೆ ಜಾರಿ ಮಲಗಿತ್ತು. ಸೀಳು ಮುಚ್ಚಲು ಜಾಗವಿಲ್ಲದ ಮೇಲೆ ಕೋನ್ ಒಳಗಿನ ಎಳೆಗಳನ್ನು ಹಿಡಿಯುವುದಾದರೂ ಹೇಗೆ? ಹೊರಗಿನಿಂದ ನೋಡಿದರೆ ಒಂದಿಷ್ಟೂ ವ್ಯತ್ಯಾಸ ಇರಲಿಲ್ಲ. ಅದೇ ಹೊಳಪು, ಅದೇ ಬಿಗಿ.

ಹೊಸ ಕೋನ್ ತೆಗೆದುಕೊಂಡು ಮತ್ತೆ ಮಾಡಿದೆ. ಈ ಸಲ ಗೆಳೆಯ ಕಟಿಂಗ್ ಪ್ಲೇಯರ್‌ನಲ್ಲಿ ಒಂದೊಂದೇ ಎಳೆ ಹಿಡಿದು ಕೂರಿಸಿದ. ನಾನು ಎಣಿಸಿದೆ. ಹನ್ನೆರಡು. ಬಿಗಿದೆ, ಬಿಚ್ಚಿದೆ, ಮತ್ತೆ ಎಣಿಸಿದೆ. ಆಮೇಲೆ ಒಳಗೆ ಸೀಲಂಟ್ ತುಂಬಿ, ಥ್ರೆಡ್ಡಿಗೆ ಲಾಕಿಂಗ್ ದ್ರವದ ಹನಿ ಹಾಕಿ, ಕೊನೆಯ ಸಲ ಬಿಗಿದಾಗ ತಂತಿಯ ಬುಡದಿಂದ ಸೀಲಂಟ್ ಉಂಗುರದ ಹಾಗೆ ಉಕ್ಕಿ ಬಂತು. ಒಳಗೆ ನೀರಿಗೆ ಜಾಗವಿಲ್ಲ ಅಂತ ಅರ್ಥ. ಲೋಟ ತುಂಬಿದೆ. ಮೊದಲನೆಯದಕ್ಕೆ ಅರ್ಧ ದಿನ ಹಿಡಿಯಿತು. ಎಂಟನೆಯದಕ್ಕೆ ಇಪ್ಪತ್ತು ನಿಮಿಷ.

ಕಂಬ ಮತ್ತೆ ನಿಂತ ಮೇಲೆ ಬಿಗಿ ಮಾಡುವ ಕೆಲಸ. ಇದಕ್ಕೆ ಗೇಜು ಬರುತ್ತದೆ, ನಮ್ಮ ಹತ್ತಿರ ಇರಲಿಲ್ಲ. 2 ಮೀಟರ್ ಮಡಚುವ ಅಳತೆಪಟ್ಟಿ ಸಾಕು. ತಂತಿ ಕೈಬಿಗಿಯಲ್ಲಿದ್ದಾಗ ಪಟ್ಟಿಯ ಮೇಲಿನ ತುದಿಯನ್ನು ತಂತಿಗೆ ಟೇಪ್ ಮಾಡಿ, ಕೆಳತುದಿ ಎಲ್ಲಿದೆ ಅಂತ ತಂತಿಯ ಮೇಲೆ ಗುರುತು ಹಾಕಬೇಕು. ಟರ್ನ್‌ಬಕಲ್ ತಿರುಗಿಸಿದಂತೆ ತಂತಿ ಹಿಗ್ಗಿ ಗುರುತು ಪಟ್ಟಿಯಿಂದ ದೂರ ಸರಿಯುತ್ತದೆ. 1×19 ತಂತಿಯಲ್ಲಿ 2 ಮೀಟರಿಗೆ 1 ಮಿಮೀ ಹಿಗ್ಗಿದರೆ, ಅದು ತುಂಡಾಗುವ ಭಾರದ 5% ಬಿದ್ದಿದೆ ಅಂತ. 3 ಮಿಮೀ ಅಂದರೆ 15%. ಪಕ್ಕದ ಉದ್ದನೆಯ ಶ್ರೌಡ್‌ಗೆ ಅದಕ್ಕಿಂತ ಜಾಸ್ತಿ ಬೇಡ. ನಮ್ಮ ತಂತಿ ತುಂಡಾಗಲು ಸುಮಾರು 3 ಟನ್ ಬೇಕು. ಹಾಗಾಗಿ ದೋಣಿ ಸುಮ್ಮನೆ ಕಟ್ಟೆಯಲ್ಲಿ ನಿಂತಿದ್ದಾಗಲೇ ಒಂದೊಂದು ಬದಿಗೂ 450 ಕಿಲೋ ಹತ್ತಿರ ಎಳೆತ. ಅಷ್ಟನ್ನು ಒಂದು ಸ್ಪ್ಯಾನರ್‌ನಲ್ಲಿ ಹೇರುತ್ತಿದ್ದೇನೆ ಅಂತ ಗೊತ್ತಾದಾಗ ಟರ್ನ್‌ಬಕಲ್ ಎದುರು ಮುಖ ಇಟ್ಟುಕೊಂಡು ಕೂರುವುದನ್ನು ಬಿಟ್ಟೆ.

ಮೊದಲ ದಿನ ಹದವಾದ ಗಾಳಿ. ದೋಣಿ 15 ಡಿಗ್ರಿ ವಾಲಿತು. ಗೆಳೆಯ ಹಾಯಿ ನೋಡುತ್ತಿದ್ದ. ನಾನು ತಂತಿಯ ಬುಡ ನೋಡುತ್ತಿದ್ದೆ. ಗಾಳಿ ಬರುವ ಬದಿಯ ತಂತಿ ಸಲಾಕೆಯ ಹಾಗೆ ನಿಂತಿತ್ತು. ಇನ್ನೊಂದು ಬದಿಯದು ಸ್ವಲ್ಪ ಸಡಿಲವಾಗುವುದು ಸಹಜ, ಜೋತಾಡಬಾರದು. ನಮ್ಮದು ಜೋತಾಡುವುದಕ್ಕೆ ಸ್ವಲ್ಪ ಮುಂಚೆ ನಿಂತಿತ್ತು. ಆ ಬದಿಯಿಂದ ಈ ಬದಿಗೆ ತಿರುಗಿದಾಗ ಎಲ್ಲೋ 'ಟಿಕ್' ಅಂತು. ಎದೆ ಧಸಕ್ಕಂತು. ಮತ್ತೆ ತಿರುಗಿದೆವು, ಮತ್ತೆ ಟಿಕ್. ಹತ್ತು ನಿಮಿಷ ಕಿವಿ ಕೊಟ್ಟು ಹುಡುಕಿದ ಮೇಲೆ ಸಿಕ್ಕಿತು. ನನ್ನ ಅಳತೆಪಟ್ಟಿ, ಡ್ರಾಯರ್‌ನೊಳಗೆ ಉರುಳುತ್ತಿತ್ತು.

ಮೂರನೇ ಸಲ ಹೋಗಿ ಬಂದ ಮೇಲೆ ಅಳೆದರೆ 3 ಮಿಮೀ ಇದ್ದದ್ದು 2ಕ್ಕಿಂತ ಚೂರು ಜಾಸ್ತಿ ಉಳಿದಿತ್ತು. ತಂತಿ ಹಿಗ್ಗಿದೆ, ಕೋನ್‌ಗಳು ಕೂತಿವೆ. ಹೀಗಾಗುತ್ತದೆ ಅಂತ ಗೊತ್ತಿತ್ತು. ಎಡಕ್ಕೆ ಅರ್ಧ ಸುತ್ತು, ಬಲಕ್ಕೆ ಅರ್ಧ ಸುತ್ತು, ಮತ್ತೆ ಎಡಕ್ಕೆ. ಬಿಗಿದದ್ದು ತಾನಾಗೇ ತಿರುಗದಿರಲಿ ಅಂತ ಹೊಸ ಸ್ಪ್ಲಿಟ್ ಪಿನ್ ಹಾಕಿ ಕಾಲುಗಳನ್ನು ಸ್ವಲ್ಪವೇ ಅಗಲಿಸಿದೆ. ಪೂರ್ತಿ ಮಡಚಿದರೆ ಮುಂದಿನ ಸಲ ತೆಗೆಯುವವನಿಗೆ ಶಾಪ, ಆ ಮುಂದಿನವನೂ ನಾನೇ. ಪಿನ್ನಿನ ತುದಿ ಕಾಲಿಗೆ, ಹಾಯಿಗೆ ಗೀರದಿರಲಿ ಅಂತ ಟೇಪ್ ತೆಗೆದುಕೊಂಡು ಟರ್ನ್‌ಬಕಲ್ ಸುತ್ತ ಕೆಳಗಿನಿಂದ ಮೇಲಿನವರೆಗೂ ಒತ್ತಾಗಿ ಸುತ್ತತೊಡಗಿದೆ. ನೀಟಾಗಿ ಬರುತ್ತಿತ್ತು.

"ಏ, ಏನು ಮಾಡ್ತಾ ಇದೀಯ?" ಅಂದ ಗೆಳೆಯ. "ಪಿನ್ ಮೇಲೆ ಮಾತ್ರ ಸುತ್ತು ಮಾರಾಯ. ಹೀಗೆ ಪೂರ್ತಿ ಮುಚ್ಚಿದ್ರೆ ಒಳಗೆ ನೀರು ನಿಲ್ಲಲ್ವಾ?"

ಸುತ್ತಿದ್ದನ್ನೆಲ್ಲ ಬಿಚ್ಚಿದೆ.